ದೊಡ್ಡವ್ವನ ತಲೆಯ ಮೇಲಿನ ಟ್ಯೂಬ್‌ಲೈಟು

"ಲೈಟು ಸರಿಯಾಗೇ ಅದೆ ಕಣ್ರೀ. ಅದ್ರ ಕೆಳಗೆ ಕೂತವ್ಳಲ್ಲ, ಅವ್ಳು ಸರಿ ಇಲ್ಲ. ಆದ್ರೂ ಒಂದಪ ಬಂದು ನೋಡ್ಬುಡಿ. ಆಮ್ಯಾಕೆ ನನ್ ಮೇಲೆ ಮಾತು ಬರದು ಬ್ಯಾಡ."

ಹುಣಸೂರಿನ ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು, ಬಸ್ಸಿಗೆ ಹೊತ್ತಾಯಿತೆಂದು ಒಳಗೂ ಬರದೆ, ಹೊಗೆಸೊಪ್ಪಿನ ಷೆಡ್ಡಿನ ಮೇಸ್ತ್ರಿ ಹೇಳಿದ ಮಾತಿದು. ವೈರ್‌ಮನ್ನನ್ನು ಕರೆಯಲು ಬಂದವರು ದೀಪದ ಮೇಲೆ ದೂರು ಹೇಳುವುದುಂಟು, ಕರೆಂಟಿನವರ ಮೇಲೆ ಹೇಳುವುದುಂಟು. ದೀಪದ ಕೆಳಗೆ ಕೂತವರ ಮೇಲೆ ದೂರು ಹೇಳಿ ನನ್ನನ್ನು ಕರೆದವರು ಅವರೊಬ್ಬರೇ. ಎಪ್ಪತ್ತರ ದಶಕದ ಒಂದು ಮಳೆಗಾಲದ ಕೊನೆ ಅದು. ಸೊಪ್ಪು ಬೇಯಿಸುವ ಕೆಲಸ ಮುಗಿದು, ಎಲ್ಲ ಕಡೆ ಬಣ್ಣ ನೋಡಿ ವಿಂಗಡಿಸುವ ಕೆಲಸ ಶುರುವಾಗಿತ್ತು.

ಮಂಗಳವಾರ ರಾವಂದೂರಿನ ಬಸ್ಸು ಹಿಡಿದು ಹೋದೆ. ಊರಿನಿಂದ ಸ್ವಲ್ಪ ಆಚೆ, ಹೆಂಚು ಹೊದಿಸಿದ ಉದ್ದನೆಯ ಷೆಡ್ಡು. ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಗಾಳಿ ಆಡಿದರೆ ಬೆಂದ ಸೊಪ್ಪು ಒಣಗಿ ಹಪ್ಪಳದ ಹಾಗೆ ಮುರಿಯುತ್ತದೆ, ಅದಕ್ಕೆ. ಹೊರಗೆ ಮೋಡ, ಒಳಗೆ ಗೋಣಿತಾಟು. ಹಾಡು ಹಗಲಲ್ಲೂ ಅಲ್ಲಿ ದೀಪವಿಲ್ಲದೆ ಕೆಲಸವಿಲ್ಲ. ಬಲ್ಬು ಹಾಕಿಕೊಳ್ಳಬಹುದಿತ್ತಲ್ಲ ಎಂದರೆ, ಬಲ್ಬಿನ ಹಳದಿ ಬೆಳಕಿನಲ್ಲಿ ಎಲ್ಲ ಎಲೆಯೂ ಬಂಗಾರದ ಬಣ್ಣವೇ. ಎಲೆಯ ನರದ ಪಕ್ಕದಲ್ಲಿ ಅಡಗಿದ ಹಸಿರು ಕಾಣುವುದಿಲ್ಲ. ಹಾಗಾಗಿ ವಿಂಗಡಿಸುವ ಜಾಗಕ್ಕೆ ಟ್ಯೂಬ್‌ಲೈಟೇ ಆಗಬೇಕು.

ಆ ಷೆಡ್ಡಿನಲ್ಲಿದ್ದ ಟ್ಯೂಬ್‌ಲೈಟು ನಾನು ನೋಡಿದವುಗಳಲ್ಲೆಲ್ಲ ಗತ್ತಿನದು. ಕೊಡಗಿನ ಯಾವುದೋ ತೋಟದ ಬಂಗಲೆಯ ಹರಾಜಿನಲ್ಲಿ ಷೆಡ್ಡಿನ ಸಾಹುಕಾರರು ಹಿಡಿದದ್ದಂತೆ. ಕಬ್ಬಿಣದ ಮೈ, ಎರಡು ಟ್ಯೂಬು, ಒಳಗೆ ಇಟ್ಟಿಗೆಯಷ್ಟು ತೂಕದ ಚೋಕು. ಮೈಗೇ ಸೇರಿದಂತೆ ಒಂದು ಪುಟ್ಟ ಸ್ವಿಚ್ಚು, ಅದರಿಂದ ಇಳಿಬಿದ್ದ ದಾರ. ದಾರ ಎಳೆದರೆ ಹತ್ತುತ್ತದೆ, ಇನ್ನೊಮ್ಮೆ ಎಳೆದರೆ ಆರುತ್ತದೆ. ಬಂಗಲೆಯಲ್ಲಿ ದೊರೆಗಳು ಮಲಗಿದಲ್ಲಿಂದಲೇ ಎಳೆಯಲಿ ಎಂದು ಮಾಡಿದ್ದೋ ಏನೋ. ಇಲ್ಲಿ ಎರಡು ಕಂಬಗಳ ನಡುವೆ ಅಡ್ಡಲಾಗಿ ಕಟ್ಟಿದ ನೀರಿನ ಪೈಪಿಗೆ ಸರಪಳಿ ಹಾಕಿ ಅದನ್ನು ತೂಗುಬಿಟ್ಟಿದ್ದರು. ದಾರ ನೇರವಾಗಿ ದೊಡ್ಡವ್ವನ ತಲೆಯ ಮೇಲೆ ಬಂದು ನಿಂತಿತ್ತು.

ಮೇಸ್ತ್ರಿ ದೂರು ಹೇಳಿದ ಹೆಂಗಸು ಈಕೆಯೇ. ಷೆಡ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡವ್ವ ಎಂದು. ಕಾಡಂಚಿನ ಒಂದು ಹಾಡಿಯವರು. ಐವತ್ತು ದಾಟಿದ ಸಣ್ಣ ಮೈ, ಬಾಯಿ ತುಂಬ ಎಲೆಅಡಿಕೆ. ಸುಗ್ಗಿಯ ಕೆಲಸಕ್ಕೆಂದು ಬಾಣಂತಿ ಮಗಳನ್ನೂ ಕರೆದುಕೊಂಡು ಬಂದು ಷೆಡ್ಡಿನ ಹಿಂದಿನ ಗುಡಿಸಲಲ್ಲಿದ್ದರು. ದೊಡ್ಡವ್ವ ಎಲೆ ಎತ್ತಿ ಒಂದು ಸಲ ನೋಡುತ್ತಿದ್ದರು, ಅಷ್ಟೇ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಕಂದು ಒಂದು ಕಡೆ. ಎರಡನೆಯ ಸಲ ನೋಡಿದ್ದನ್ನು ನಾನು ಕಾಣಲಿಲ್ಲ. ಮಗಳು ಆ ಗುಡ್ಡೆಗಳಿಂದ ಎಲೆ ತೆಗೆದು ಕಂತೆ ಕಟ್ಟಿ, ಹೊತ್ತು, ಆಚೆ ತುದಿಗೆ ಒಟ್ಟಿ ಬರುತ್ತಿದ್ದಳು.

"ಗಂಟೆಗೆ ಎಲ್ಡು ಸಲ ಲೈಟು ಓಯ್ತದೆ," ಎಂದರು ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು. "ಓದ ತಕ್ಷಣ ಎಲ್ರೂ ಕೈ ನಿಲ್ಲುಸ್ತಾರೆ, ಎಲೆಅಡಿಕೆ ಚೀಲ ಬಿಚ್ತಾರೆ. ನಾನು ತಿರುಗಿ ನೋಡುದ್ರೆ ದಾರ ಅವ್ಳ ಕೈಲೇ ಇರ್ತದೆ. ಯಾವತ್ತ್ ನೋಡುದ್ರೂ ಅವ್ಳ ಕೈಲೇ. ಶನಿವಾರದವರ್ಗೂ ನೋಡ್ತೀನಿ. ಆಮ್ಯಾಕೆ ಆಡಿಗೆ ಕಳುಸ್ಬುಡ್ತೀನಿ."

ಆಗ ನನಗೆ ಬೇಗ ಮುಗಿಸಿ ಬಸ್ಸು ಹಿಡಿಯುವ ಚಟವಿತ್ತು. ಕೆಲಸ ಚೆನ್ನಾಗಿ ಬರುತ್ತದೆ ಎಂಬ ಜಂಬ ಬೇರೆ. ಸ್ಟಾರ್ಟರ್ ಬದಲಾಯಿಸಿದೆ, ಟ್ಯೂಬಿನ ತುದಿಗಳನ್ನು ಒರೆಸಿ ಬಿಗಿಯಾಗಿ ಕೂರಿಸಿದೆ, ದಾರ ನಾಲ್ಕು ಸಲ ಎಳೆದು ನೋಡಿದೆ. ಹತ್ತಿತು, ಆರಿತು, ಹತ್ತಿತು, ಆರಿತು. ಸರಿಯಾಗಿದೆ ಎಂದು ಕೈ ಒರೆಸಿಕೊಂಡೆ. ದೊಡ್ಡವ್ವ ಮಾತ್ರ ತಲೆ ಎತ್ತಿ, "ಆಯ್ತಾಪ್ಪ? ಇನ್ ಓಗಕಿಲ್ವಾ?" ಎಂದು ಕೇಳಿದರು. "ಓಗೋದುಂಟಾ!" ಎಂದೆ ನಾನು, ದೊಡ್ಡ ಮನುಷ್ಯನ ಹಾಗೆ.

ಗುರುವಾರ ಸಂಜೆಗೆ ಮೇಸ್ತ್ರಿಯಿಂದ ಮತ್ತೆ ಹೇಳಿಕೆ ಬಂತು. ಮೊದಲಿಗಿಂತ ಹೆಚ್ಚಾಗಿದೆಯಂತೆ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಈ ಸಲ ದೀಪವನ್ನು ಬಿಚ್ಚಿ ನೋಡದೆ ಬರುವುದಿಲ್ಲ ಎಂದು ಹಟ. ಮೇಸ್ತ್ರಿಯ ಮೇಜಿನ ಪಕ್ಕದ ಗೋಡೆ ಬೋರ್ಡಿನಲ್ಲಿ ಆ ದೀಪಕ್ಕೆಂದೇ ಒಂದು ಸ್ವಿಚ್ಚಿತ್ತು, ಯಾವಾಗಲೂ ಹಾಕಿಯೇ ಇರುತ್ತಿತ್ತು. ಅದನ್ನು ಆರಿಸಿ, ಏಣಿ ಹತ್ತಿ, ದೀಪದ ಮುಚ್ಚಳ ಕಳಚಿ ತಂತಿಗೆ ಕೈ ಹಾಕಿದೆ.

ಹೊಡೆಯಿತು. ಹೇಗೆ ಹೊಡೆಯಿತೆಂದರೆ ಸ್ಕ್ರೂಡ್ರೈವರ್ ಹಾರಿ ಹೊಗೆಸೊಪ್ಪಿನ ರಾಶಿಯಲ್ಲಿ ಬಿತ್ತು, ನಾನು ಏಣಿಯ ಎರಡು ಮೆಟ್ಟಿಲು ಜಾರಿ ಮೂರನೆಯದರಲ್ಲಿ ತಗುಲಿಕೊಂಡೆ. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡವ್ವ ನಗಲಿಲ್ಲ. "ಇಳಿಯಪ್ಪ, ಇಳಿ. ಕೂತ್ಕೊ. ನೀರು ಕುಡಿ ವಸಿ," ಎಂದು ತಮ್ಮ ಚೊಂಬನ್ನೇ ಮುಂದಕ್ಕೆ ತಳ್ಳಿದರು. ಕುಡಿದೆ. ಹೊಡೆತಕ್ಕಿಂತ ಹೆಚ್ಚಾಗಿ ಆ ನಗುವಿಗೆ ಕಿವಿ ಬಿಸಿಯಾಗಿತ್ತು.

ಆರಿಸಿದ ಸ್ವಿಚ್ಚಿನಿಂದ ಕರೆಂಟು ಬರುವುದು ಹೇಗೆ? ಟೆಸ್ಟ್ ಲ್ಯಾಂಪ್ ತೆಗೆದೆ. ಅದೇನು ದೊಡ್ಡ ಯಂತ್ರವಲ್ಲ, ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು, ಎರಡು ತುಂಡು ತಂತಿ. ಒಂದು ತುದಿಯನ್ನು ದೀಪದ ತಂತಿಗೆ, ಇನ್ನೊಂದನ್ನು ನೆಲಕ್ಕಿಳಿದ ಅರ್ಥಿಂಗ್ ತಂತಿಗೆ ಹಿಡಿದರೆ, ಗೋಡೆಯ ಸ್ವಿಚ್ಚು ಆರಿದ್ದರೂ ಬಲ್ಬು ಧಗಧಗ ಉರಿಯಿತು. ಗೊತ್ತಾಯಿತು. ಕರೆಂಟು ಬರುವುದು ಕೆಂಪು ತಂತಿಯಲ್ಲಿ, ವಾಪಸ್ಸು ಹೋಗುವುದು ಕಪ್ಪಿನಲ್ಲಿ. ಸ್ವಿಚ್ಚು ಬರುವ ದಾರಿಯನ್ನು ತಡೆಯಬೇಕು. ಇಲ್ಲಿ ಯಾವನೋ ಪುಣ್ಯಾತ್ಮ ಹೋಗುವ ದಾರಿಗೆ ಹಾಕಿದ್ದ. ದೀಪ ಆರುತ್ತಿತ್ತು, ಆದರೆ ಕರೆಂಟು ಕಬ್ಬಿಣದ ಮೈಯೊಳಗೆ ಹಾಗೆಯೇ ಕೂತಿರುತ್ತಿತ್ತು. ಕೆಳಗೆ ದಿನವಿಡೀ ಕೂರುವ ಆ ಹೆಂಗಸಿನ ತಲೆಯನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಮೇನ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಬೋರ್ಡು ಬಿಚ್ಚಿ, ಕೆಂಪು ತಂತಿಯನ್ನು ಸ್ವಿಚ್ಚಿಗೆ ತಂದೆ, ಕಪ್ಪನ್ನು ನೇರ ಬಿಟ್ಟೆ. ದೀಪದ ಮೈಯಿಂದ ಒಂದು ಹಸಿರು ತಂತಿ ಎಳೆದು ಆ ಅರ್ಥಿಂಗ್ ತಂತಿಗೆ ಸೇರಿಸಿದೆ. ಅಷ್ಟರಲ್ಲಿ ಊಟದ ಹೊತ್ತಾಗಿ ಹೆಂಗಸರೆಲ್ಲ ಹೊರಗೆ ಹೋದರು. ದೊಡ್ಡವ್ವನ ಮಗಳು ಕೂಸಿಗೆ ಹಾಲು ಕೊಡಲು ಎತ್ತಿಕೊಂಡು ಹೋದಳು. ಫ್ಯೂಸನ್ನು ಮತ್ತೆ ಸಿಕ್ಕಿಸಿ, ದೀಪ ಹಾಕಿಕೊಂಡು ನಾನೊಬ್ಬನೇ ಕಾವಲು ಕೂತೆ. ಚೋಕನ್ನು ಅಲುಗಿಸಿದೆ, ಸ್ಟಾರ್ಟರನ್ನು ತಟ್ಟಿದೆ, ಟ್ಯೂಬನ್ನು ತಿರುಗಿಸಿದೆ. ದೀಪ ಕಣ್ಣು ಮಿಟುಕಿಸಲಿಲ್ಲ. ರೋಗ ಬೋರ್ಡಿನಲ್ಲೇ ಇತ್ತು, ಹಿಡಿದೆ ಎಂದುಕೊಂಡು ಬುತ್ತಿ ಬಿಚ್ಚಿದೆ.

ಹೆಂಗಸರು ಬಂದು ಕೂತು ಕಾಲು ಗಂಟೆ ಆಗಿರಲಿಲ್ಲ, ದೀಪ ಪಟ್ಟನೆ ಆರಿತು. ತಿರುಗಿ ನೋಡಿದೆ. ದಾರ ದೊಡ್ಡವ್ವನ ಕೈಯಲ್ಲಿತ್ತು. ಎರಡು ಸಲ ಎಳೆದರು, ಹತ್ತಿತು.

"ನೋಡುದ್ರಾ?" ಎಂದರು ಮೇಸ್ತ್ರಿ. "ಅವ್ಳಿಲ್ದಾಗ ಒಂದ್ ಗಂಟೆ ಉರೀತು. ಅವ್ಳು ಬಂದ್ಲು, ಓಯ್ತು. ಇನ್ನೇನ್ರೀ ಬೇಕು?"

ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನಿಸಿತು. ನೀರು ಕೊಟ್ಟ ಕೈ ಅದು, ಆದರೂ ಅನಿಸಿತು. ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದುಕೊಳ್ಳುವುದು ಎಷ್ಟು ಸುಖ! ಜಂಬದವನಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ.

"ಒಂದ್ ಕೆಲ್ಸ ಮಾಡ್ತೀನಿ," ಎಂದೆ. "ಆ ದಾರದ ಸ್ವಿಚ್ಚನ್ನೇ ತೆಗೆದು, ತಂತಿ ನೇರ ಕೊಟ್ಬುಡ್ತೀನಿ. ದೀಪ ಹಾಕೋದು, ಆರ್ಸೋದು ಎಲ್ಲ ನಿಮ್ಮ ಬೋರ್ಡಲ್ಲೇ. ಅಲ್ಲಿ ಯಾರ ಕೈಗೂ ಸಿಕ್ಕಲ್ಲ."

ಮೇಸ್ತ್ರಿಯ ಮುಖ ಅರಳಿತು. "ಅಂಗೇ ಮಾಡಿ. ದಾರ ಕಿತ್ತಾಕುದ್ಮೇಲೆ ಲೈಟು ಓಗ್ನಿಲ್ಲ ಅಂದ್ರೆ ಅವ್ಳೇ ಆರುಸ್ತಿದ್ಲು ಅಂತ ಸಾಬೀತಾಯ್ತಲ್ಲ. ನಾಳೆ ಶನಿವಾರನೂ ಆಯ್ತದೆ."

ಏಣಿ ಹತ್ತಿದೆ. ದೀಪ ಉರಿಯುತ್ತಿರುವಾಗಲೇ ಸ್ವಿಚ್ಚನ್ನು ಒಮ್ಮೆ ನೋಡೋಣವೆಂದು, ಮುಟ್ಟದೆ, ಮುಖ ಹತ್ತಿರ ತಂದೆ. ಆ ಪೈಪು, ಕಂಬ, ಎಲ್ಲವನ್ನೂ ಮೇಲಿನಿಂದ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಪೈಪಿನ ಇನ್ನೊಂದು ತುದಿಗೆ, ದೀಪದಿಂದ ಎರಡು ಮಾರು ದೂರದಲ್ಲಿ, ಹಳೆಯ ಸೀರೆಯ ತೊಟ್ಟಿಲು ಕಟ್ಟಿತ್ತು. ಅದರಲ್ಲಿ ಮಗಳ ಕೂಸು. ಕೂಸು ಕೊಸರಾಡಿತು. ತೊಟ್ಟಿಲು ತಾನೇ ತಾನಾಗಿ ತೂಗಿತು. ಯಾರೂ ಹತ್ತಿರವಿರಲಿಲ್ಲ. ಬಗ್ಗಿ ನೋಡಿದರೆ ತೊಟ್ಟಿಲಿನಿಂದ ಒಂದು ತೆಳ್ಳನೆಯ ಹುರಿ ಎಲೆಯ ರಾಶಿಯೊಳಕ್ಕೆ ಹೋಗಿ, ದೊಡ್ಡವ್ವನ ಸೀರೆಯ ಅಂಚಿನ ಕೆಳಗೆ ಮಾಯವಾಗಿತ್ತು. ಎರಡು ಕೈಯಲ್ಲಿ ಎಲೆ ಆರಿಸುತ್ತ, ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡ ಹುರಿಯಲ್ಲಿ ಮೊಮ್ಮಗುವನ್ನು ತೂಗುತ್ತಿದ್ದರು.

ಕೂಸು ಮತ್ತೆ ಕಿರುಗುಟ್ಟಿತು. ಹುರಿ ಬಿಗಿಯಾಯಿತು, ಪೈಪು ಒಂದು ಚೂರು ಜಗ್ಗಿತು, ನನ್ನ ಮೂಗಿನ ಮುಂದೆ ಸ್ವಿಚ್ಚಿನ ಸಂದಿಯಲ್ಲಿ ನೀಲಿ ಕಿಡಿ ಚಿಟ್ಟೆಂದಿತು. ಇನ್ನೊಂದು ಜಗ್ಗು, ಇನ್ನೊಂದು ಕಿಡಿ. ಮೂರನೆಯದಕ್ಕೆ ದೀಪ ಆರಿತು.

ಕೆಳಗೆ ನೋಡಿದೆ. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದರು. ಮೇಸ್ತ್ರಿ ಮೇಜಿನ ಹತ್ತಿರ ಯಾರಿಗೋ ಬೈಯುತ್ತಿದ್ದರು. ದಾರ ಎಳೆಯುವ ನೆಪದಲ್ಲಿ ದೊಡ್ಡವ್ವ ಎದ್ದು ನಿಂತು, ಏಣಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು: "ಯಾರ್ಗೂ ಏಳ್ಬ್ಯಾಡ ಕಣಪ್ಪ. ನನ್ನ ಕಳುಸುದ್ರೆ ನಾನೊಬ್ಳು ಓಯ್ತೀನಿ. ತೊಟ್ಲು ಬಿಚ್ಚುಸುದ್ರೆ ಮಗಳೂ ಓಗ್ಬೇಕು, ಆ ಕಡೆ ಇನ್ನೆಲ್ಡು ತೊಟ್ಲವೆ, ಅವರವ್ವಂದಿರೂ ಓಗ್ಬೇಕು."

"ನಿಮಗೆ ಮೊದಲೇ ಗೊತ್ತಿತ್ತಾ?"

"ಊಂ. ಎಂಟ್ ದಿನ ಆಯ್ತು."

ತಂತಿ ನೇರ ಕೊಡುವುದು ಐದು ನಿಮಿಷದ ಕೆಲಸ. ಎರಡು ಸ್ಕ್ರೂ ಸಡಿಲಿಸಿ, ಎರಡು ತಂತಿ ಸೇರಿಸಿದರೆ ದೀಪ ಮತ್ತೆಂದೂ ಆರುವುದಿಲ್ಲ. ಅದೇ ತೊಂದರೆ. ಆರದಿದ್ದರೆ ದೊಡ್ಡವ್ವ ಕಳ್ಳಿಯೆಂದು ನಾನೇ ಮೊಹರು ಹಾಕಿ ಕೊಟ್ಟ ಹಾಗೆ. ನಿಜ ಹೇಳಿದರೆ ಮೇಸ್ತ್ರಿ ಮೊದಲು ಮಾಡುವ ಕೆಲಸ ತೊಟ್ಟಿಲು ಬಿಚ್ಚಿಸುವುದು. ಒಂದು ದೀಪ ಸರಿ ಮಾಡಲು ಇಷ್ಟು ಹಿಂಜರಿದದ್ದು ನನ್ನ ಬಾಳಿನಲ್ಲಿ ಇದೊಂದೇ ಸಲ. ಎಂಟು ದಿನ ಆ ಹೆಂಗಸು ಒಂದೂ ಮಾತಾಡದೆ ಬೈಗುಳ ತಿಂದಿದ್ದರು, ನಾನು ಊಟವಾದ ಮೇಲೆ ಅವರನ್ನೇ ಅನುಮಾನಿಸಿದ್ದೆ. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಅದೂ ನನ್ನ ಮೇಲೆಯೇ.

ಸಿಟ್ಟಿನಲ್ಲೇ ದಾರಿ ಹೊಳೆಯಿತು. ತಪ್ಪು ಕಾಲಿನದೂ ಅಲ್ಲ, ತೊಟ್ಟಿಲಿನದೂ ಅಲ್ಲ. ಸರಿಯಾದ ಸ್ವಿಚ್ಚಾಗಿದ್ದರೆ ನೂರು ಕೂಸು ತೂಗಿದರೂ ಆರಬಾರದು. ತಂತಿ ನೇರ ಕೊಡುವ ಮೊದಲು ಸ್ವಿಚ್ಚಿನ ತಪ್ಪನ್ನು ಸ್ವಿಚ್ಚಿನ ಬಾಯಿಂದಲೇ ಹೇಳಿಸಬೇಕು.

ಬೋರ್ಡು ಆರಿಸಿ, ಟೆಸ್ಟ್ ಲ್ಯಾಂಪಿನಿಂದ ಎರಡು ಸಲ ಖಾತ್ರಿ ಮಾಡಿಕೊಂಡು (ಬೆಳಗಿನ ಪಾಠ ಇನ್ನೂ ಮೊಣಕೈಯಲ್ಲಿತ್ತು), ಸ್ವಿಚ್ಚನ್ನು ದಾರದ ಸಮೇತ ಕಳಚಿ ತಂದೆ. ಮೇಸ್ತ್ರಿಯ ಮೇಜಿನ ಮೇಲೆ ಅದನ್ನು ಟೆಸ್ಟ್ ಲ್ಯಾಂಪಿಗೆ ಸೇರಿಸಿ, ಪ್ಲಗ್ಗಿಗೆ ಕೊಟ್ಟು, ದಾರ ಎಳೆದೆ. ಬಲ್ಬು ಹತ್ತಿತು.

"ಈಗ ನೀವೇ ಪೆನ್ಸಿಲಲ್ಲಿ ಅದರ ಬೆನ್ನ ಮೇಲೆ ತಟ್ಟಿ. ಮೆಲ್ಲಗೆ."

ತಟ್ಟಿದರು. ಬಲ್ಬು ಆರಿತು. ಮೇಸ್ತ್ರಿ ಪೆನ್ಸಿಲನ್ನೂ ಬಲ್ಬನ್ನೂ ನೋಡಿದರು. ದಾರ ಎರಡು ಸಲ ಎಳೆದರು, ಹತ್ತಿತು. ಮತ್ತೆ ತಟ್ಟಿದರು, ಆರಿತು. ಐದಾರು ಸಲ ಆಯಿತು. ಆಮೇಲೆ ಪೆನ್ಸಿಲ್ ಬಿಟ್ಟು ಬೆರಳಲ್ಲಿ, ಬೆರಳು ಬಿಟ್ಟು ಮೇಜನ್ನೇ ಕುಟ್ಟಿ ನೋಡಿದರು. ಅಷ್ಟಕ್ಕೂ ಆರಿತು. ಹೊಸ ಆಟಿಕೆ ಸಿಕ್ಕವರ ಹಾಗೆ ಅವರ ಮುಖದಲ್ಲೊಂದು ಮಗುತನ ಬಂದಿತ್ತು. ನಾನು ಪ್ಲಗ್ಗು ಕಿತ್ತು, ಸ್ವಿಚ್ಚಿನ ಹೊಟ್ಟೆ ಬಿಚ್ಚಿ, ಒಳಗಿನ ಹಿತ್ತಾಳೆಯ ನಾಲಿಗೆಯನ್ನು ತೋರಿಸಿದೆ. ಕಿಡಿ ಹಾರಿ ಹಾರಿ ಅದರ ತುದಿ ಸವೆದು ಕರಿಯಾಗಿತ್ತು. ಅದನ್ನು ಒತ್ತಿ ಹಿಡಿಯಬೇಕಾದ ಸ್ಪ್ರಿಂಗು ಸೋತು ಹೋಗಿತ್ತು.

"ಅಂದ್ರೆ ಅವ್ಳು ದಾರ ಇಡ್ಕೊಂಡಿರ್ತಿದ್ದುದು..."

"ಆರಿದ್ದನ್ನ ಹತ್ತಿಸೋಕೆ. ಆರಿಸೋಕಲ್ಲ."

ಮೇಸ್ತ್ರಿ ಆ ಹಿತ್ತಾಳೆಯ ತುಂಡನ್ನು ಬೆರಳಿನಿಂದ ಒತ್ತಿ ನೋಡಿದರು. ದಡ್ಡರೇನಲ್ಲ ಅವರು. "ಸರಿ ಕಣ್ರೀ. ಇಲ್ಲಿ ನಾನು ತಟ್ಟುದೆ. ಅಲ್ಲಿ ಮೇಲೆ ತಟ್ಟೋರ್ಯಾರು?"

"ಮೂಟೆ ಎತ್ತಾಕ್ತಾರೆ, ಬಾಗಿಲು ಬಡೀತದೆ. ಷೆಡ್ಡು ಅಂದ್ಮೇಲೆ ಅದುರ್ದೆ ಇರ್ತದಾ?" ಎಂದೆ, ಅವರ ಕಣ್ಣು ತಪ್ಪಿಸಿ. ಅರ್ಧ ನಿಜ, ಅರ್ಧ ಸುಳ್ಳು. ಅವರು "ಊಂ" ಎಂದರು. ಒಪ್ಪಿದ ಊಂ ಅಲ್ಲ ಅದು.

ಏಣಿ ಹತ್ತಿ ಉಳಿದ ಕೆಲಸ ಮುಗಿಸಿದೆ. ಸ್ವಿಚ್ಚಿಗೆ ಹೋಗುತ್ತಿದ್ದ ಎರಡು ತಂತಿಗಳ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಪಿಂಗಾಣಿ ಕನೆಕ್ಟರಿನಲ್ಲಿ ಜೋಡಿಸಿ ಸ್ಕ್ರೂ ಬಿಗಿದೆ. ಎಳೆದು ನೋಡಿದೆ. ಮೇಲೆ ಟೇಪು ಸುತ್ತಿದೆ. ಸ್ವಿಚ್ಚಿದ್ದ ತೂತಿಗೆ ತಗಡಿನ ತುಂಡೊಂದನ್ನು ಬಡಿದು ಮುಚ್ಚಿ, ಮುಚ್ಚಳ ಹಾಕಿದೆ. ಮೇಸ್ತ್ರಿ ಬೋರ್ಡಿನಲ್ಲಿ ಸ್ವಿಚ್ಚು ಒತ್ತಿದರು. ಟ್ಯೂಬುಗಳು ಎರಡು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡವು.

ನಾನು ಏಣಿ ಮಡಿಸುವಾಗ ದೊಡ್ಡವ್ವ ಕರೆದರು. "ಅಪ್ಪಾ, ಈಗ ಅದು ಅಳ್ಳಾಡುದ್ರೆ ಓಯ್ತದಾ?"

"ಇಲ್ಲ ದೊಡ್ಡವ್ವ. ಷೆಡ್ಡೇ ಅಳ್ಳಾಡಿದ್ರೂ ಹೋಗಲ್ಲ."

"ದಿಟ್ವಾ?"

"ದಿಟ."

ಅವರು ಬಾಯೊಳಗಿನ ಎಲೆಅಡಿಕೆಯನ್ನು ಒಂದು ಕಡೆಗೆ ತಳ್ಳಿದರು. ಮುಂದಿದ್ದ ಎಲೆಯ ರಾಶಿಯನ್ನು ಎರಡು ಕೈಯಲ್ಲಿ ಸರಿಸಿದರು. ಸೀರೆಯ ಅಂಚನ್ನು ಕಣಕಾಲಿನವರೆಗೆ ಎತ್ತಿ, ಕಾಲು ಚಾಚಿ, ಎಲ್ಲರಿಗೂ ಕಾಣುವಂತೆ ಹುರಿಯನ್ನು ಜೋರಾಗಿ ಎಳೆದರು. ತೊಟ್ಟಿಲು ಈ ಕಡೆಯಿಂದ ಆ ಕಡೆಗೆ ದೊಡ್ಡದಾಗಿ ತೂಗಿತು. ಪೈಪು ಕಿರುಗುಟ್ಟಿತು, ದೀಪದ ಸರಪಳಿ ಅಲುಗಿತು, ಬೆಳಕು ಎಲೆಗಳ ಮೇಲೆ ಅತ್ತಿತ್ತ ಓಡಾಡಿತು. ಆರಲಿಲ್ಲ.

"ಮೇಸ್ತ್ರಪ್ಪ, ಇಲ್ ಬನ್ನಿ ವಸಿ," ಎಂದು ಕೂಗಿದರು.

ಮೇಸ್ತ್ರಿ ಬಂದರು. ಇಷ್ಟು ಹೊತ್ತು ನಾನು ಬಚ್ಚಿಟ್ಟದ್ದನ್ನು ಈ ಹೆಂಗಸು ತಾವೇ ಬಿಚ್ಚಿ ಇಡುತ್ತಿದ್ದಾರಲ್ಲ ಎಂದುಕೊಂಡೆ.

"ಮೂಟೆನೂ ಇಲ್ಲ, ಬಾಗ್ಲೂ ಇಲ್ಲ. ಈ ಅಪ್ಪ ನನ್ಗೋಸ್ಕರ ಅಂಗಂದ. ಸುಳ್ಯಾಕೆ ಇನ್ನು? ಲೈಟು ಓಗ್ತಿದ್ದುದು ನಾನು ಕೂಸ ತೂಗ್ದಾಗ. ತೊಟ್ಲು ಬಿಚ್ಚಿ ಅಂತೀರಿ ಅಂತ ಏಳ್ನಿಲ್ಲ. ಈಗ ನೋಡಿ, ಎಷ್ಟ್ ತೂಗುದ್ರೂ ಓಗಕಿಲ್ಲ. ತೊಟ್ಲು ಇರ್ಲಿ." ಅವರು ಹುರಿಯನ್ನು ಇನ್ನೊಮ್ಮೆ ಎಳೆದರು. "ದಿನಾ ಕೂತ್ಕಂಡು ನನ್ನ ಕೈಯೇ ಕಾದ್ರಿ ಕಣಪ್ಪ. ಕಾಲ್ನ ಒಂದಪನೂ ನೋಡ್ನಿಲ್ಲ."

ಹೆಂಗಸರ ಸಾಲಿನಲ್ಲಿ ಎಲೆ ಆರಿಸುವ ಕೈಗಳೆಲ್ಲ ನಿಂತಿದ್ದವು. ಮಗಳು ಕಂತೆ ಹೊತ್ತುಕೊಂಡು ನಡುವೆಯೇ ನಿಂತುಬಿಟ್ಟಿದ್ದಳು. ಮೇಸ್ತ್ರಿ ಆ ಹೆಬ್ಬೆರಳನ್ನು ನೋಡಿದರು. ಹುರಿ ಕೊರೆದ ಜಾಗದಲ್ಲಿ ಚರ್ಮ ಕೆಂಪಗಾಗಿತ್ತು. ಅಲ್ಲಿಂದ ಹುರಿಯ ಗುಂಟ ಅವರ ಕಣ್ಣು ತೊಟ್ಟಿಲಿಗೆ ಹೋಯಿತು, ತೊಟ್ಟಿಲಿನಿಂದ ಪೈಪಿಗೆ, ಪೈಪಿನಿಂದ ಇಟ್ಟಿಗೆ ತೂಕದ ಚೋಕಿದ್ದ ಆ ಕಬ್ಬಿಣದ ದೀಪಕ್ಕೆ. ಒಮ್ಮೆ ಕೆಮ್ಮಿದರು. ತಪ್ಪಾಯಿತು ಎನ್ನುವ ಅಭ್ಯಾಸ ಅವರ ನಾಲಿಗೆಗೆ ಇರಲಿಲ್ಲ. ನನ್ನ ಕಡೆ ತಿರುಗಿ, ಎಲ್ಲ ನನ್ನದೇ ತಪ್ಪೆಂಬಂತೆ ಗದರಿದರು:

"ಏನ್ರೀ ನೀವು, ಏಣಿ ಮಡ್ಚುಬುಟ್ರಲ್ಲ! ಅಷ್ಟು ಭಾರದ ಲೈಟೂ ಒಂದೇ ಪೈಪಲ್ಲಿ, ಕೂಸೂ ಒಂದೇ ಪೈಪಲ್ಲಿ. ಕಿತ್ಕೊಂಡು ಬಿದ್ರೆ ಏನ್ಗತಿ? ಲೈಟ ಆ ಕಡೆ ತೊಲೆಗೆ ಕಟ್ಟಿ. ಪೈಪು ಕೂಸಿಗಿರ್ಲಿ."

ನಾನು ಮತ್ತೆ ಏಣಿ ಬಿಡಿಸಿದೆ. ಆ ದಿನ ಕಡೆಯ ಬಸ್ಸು ತಪ್ಪಿತು, ಬೇಸರವಾಗಲಿಲ್ಲ.